ರುಕ್ಮಯ್ಯನವರಿಗೆ ಕೇಳಿಸದ ಮಾತು

ನಮ್ಮ ಸೀಮೆಯಲ್ಲಿ ಹೊರಗಿನವರ ಎದುರು ಎರಡು ಮಾತು ಆಡುವ ಹಾಗಿಲ್ಲ. ಒಂದು ‘ಇಲ್ಲ’, ಇನ್ನೊಂದು ‘ಬೇಕು’. ಮನೆಯೊಳಗೆ ನಾವು ನಾವೇ ಇರುವಾಗ ದಿನಕ್ಕೆ ನೂರು ಸಲ ಆಡುತ್ತೇವೆ. ಸೌದೆ ಇಲ್ಲ, ಬೆಲ್ಲ ಬೇಕು, ನಿನಗೆ ಬುದ್ಧಿ ಇಲ್ಲ. ಆದರೆ ವರ್ಷಕ್ಕೋ ಎರಡು ವರ್ಷಕ್ಕೋ ಯಾವುದಾದರೂ ಹಡಗು ದಾರಿ ತಪ್ಪಿ ನಮ್ಮ ಕಡಲಿಗೆ ಬಂದು ನಿಂತರೆ ಇಡೀ ಊರಿನ ನಾಲಿಗೆಯೇ ಬೇರೆಯಾಗುತ್ತದೆ. ನಾವಿಕನೊಬ್ಬ ಅಂಗಡಿಗೆ ಬಂದು ಬೀಡಿ ಕೇಳಿದರೆ, ಬೀಡಿ ಮುಗಿದು ತಿಂಗಳಾಗಿದ್ದರೂ ಅಂಗಡಿಯ ಅಂತುಮಾಮ “ಉಂಟು, ನಾಳೆ ಉಂಟು” ಎನ್ನುತ್ತಾನೆ. ನಾಳೆಯ ಹೊತ್ತಿಗೆ ಹಡಗು ಹೋಗಿರುತ್ತದೆ. ತಪ್ಪಿ ಆಡಿದವರು ಆ ಹಡಗಿನಲ್ಲೇ ಊರು ಬಿಡಬೇಕು, ಮತ್ತೆ ಬರುವಂತಿಲ್ಲ. ನನ್ನ ಅಪ್ಪನ ಕಾಲದಲ್ಲಿ ಒಬ್ಬಳು ಹಾಗೆ ಹೋದಳಂತೆ, ಹಡಗಿನವನಿಗೆ “ನನಗೆ ಗಂಡ ಇಲ್ಲ” ಎಂದವಳು. ಅವಳು ಬಾಯಿ ತಪ್ಪಿ ಅಂದದ್ದಲ್ಲ ಎಂದು ನನ್ನ ಅಮ್ಮ ನಗುತ್ತಿದ್ದಳು.

ನಾನು ತನಿಯಪ್ಪ, ಬಾವಿ ಕೆಲಸದವನು. ಹೂಳು ತೆಗೆಯುವುದು, ಕುಸಿದ ಕಲ್ಲು ಕಟ್ಟುವುದು, ಬಿದ್ದ ಕೊಡ ಎತ್ತುವುದು, ಐವತ್ತು ವರ್ಷ ಇದೇ ನನ್ನ ಬದುಕು. ಈ ಕಥೆ ಹೊರಗಿನವರ ಕೈಗೆ ಸಿಕ್ಕಿದರೆ ನನ್ನನ್ನೂ ಕಳಿಸಿಬಿಡಬಹುದು. ಈಗ ನನಗೆ ವಯಸ್ಸಾಯಿತು, ಕಳಿಸಿದರೆ ಕಳಿಸಲಿ. ರುಕ್ಮಯ್ಯನವರ ಉಪಕಾರವನ್ನು ಯಾರಿಗೂ ಹೇಳದೆ ಸಾಯುವುದು ನನ್ನಿಂದಾಗದು.

ದೊಡ್ಡ ನೀರು ಬಂದದ್ದು ಬೇಸಿಗೆ ಶುರುವಾಗುವ ಹೊತ್ತಿಗೆ. ಅವತ್ತು ಬೆಳಿಗ್ಗೆ ನಾನು ಗುಡ್ಡದ ಬುಡದ ಒಂದು ಬಾವಿಯಲ್ಲಿದ್ದೆ. ಸೊಂಟದವರೆಗಿನ ನೀರು ಇದ್ದಕ್ಕಿದ್ದ ಹಾಗೆ ಬಟ್ಟಲಿನ ಗಂಜಿಯಂತೆ ತುಳುಕಿತು. ಹಗ್ಗ ಹಿಡಿದು ಮೇಲೆ ಬಂದಾಗ ಕೆಳಗಿನ ಬೀದಿಗಳಿರಬೇಕಾದ ಕಡೆ ಕಂದು ಬಣ್ಣದ ಕಡಲಿತ್ತು. ಬಾವಿಯಲ್ಲಿದ್ದದ್ದರಿಂದ ನಾನು ಉಳಿದೆ, ಗುಡ್ಡಕ್ಕೆ ಸೌದೆಗೆ ಹೋಗಿದ್ದ ನನ್ನ ಹೆಂಡತಿ ಸಂಕಮ್ಮ ಉಳಿದಳು. ಊರಿನ ಅರವತ್ತೇಳು ಮಂದಿ ಹೋದರು. ನನ್ನ ಮಗಳು ಬಾಗಿಯನ್ನು ಹಳ್ಳದ ಆಚೆಯ ಕುದ್ರುವಿಗೆ ಕೊಟ್ಟಿದ್ದೆ. ಕುದ್ರು ಅಂದರೆ ಹಳ್ಳ ಕಡಲು ಸೇರುವಲ್ಲಿ ಸುತ್ತ ನೀರಿರುವ ಒಂದು ತುಂಡು ನೆಲ. ಅಲ್ಲಿ ಮೂವತ್ತೆಂಟು ಮನೆಗಳಿದ್ದವು. ಬಾಗಿ ಮೂರು ತಿಂಗಳ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ತೆಂಗಿನ ಮರ ಏರಿ ಉಳಿದುಕೊಂಡಳು. ಅವಳು ಅದಕ್ಕೆ ಮೊದಲು ಮರ ಹತ್ತಿದವಳೇ ಅಲ್ಲ.

ಮೂರನೆಯ ದಿನದಿಂದ ಕಷ್ಟವೆಲ್ಲ ನೀರಿನದೇ ಆಯಿತು. ಊರಿನ ಪ್ರತಿ ಬಾವಿಗೂ ಮೇಲಿನಿಂದಲೋ ಅಡಿಯಿಂದಲೋ ಕಡಲು ಸೇರಿತ್ತು. ಗುಡ್ಡದ ಒರತೆಯೊಂದೇ ಗತಿ, ಅದೋ ಬೆರಳು ದಪ್ಪದ ಧಾರೆ. ನಸುಕಿನಲ್ಲಿ ಸಾಲು ನಿಂತರೆ ಮಧ್ಯಾಹ್ನಕ್ಕೆ ಒಂದು ಕೊಡ. ನಾನು ಅದರಲ್ಲಿ ಅರ್ಧ ಮನೆಗಿಟ್ಟು ಅರ್ಧವನ್ನು ದೋಣಿಯಲ್ಲಿ ಕುದ್ರುವಿಗೆ ಒಯ್ಯುತ್ತಿದ್ದೆ. ಅಲ್ಲಿ ಅದನ್ನು ಬಾಗಿಯೊಬ್ಬಳಿಗೆ ಕೊಡುವುದು ಹೇಗೆ? ಮಕ್ಕಳೆಲ್ಲ ಬಂದು ಸುತ್ತ ನಿಲ್ಲುತ್ತಿದ್ದರು. ಕುದ್ರುವಿನವರು ಎಳನೀರು ಕುಡಿದು ಒಂದು ವಾರ ತಳ್ಳಿದರು. ಆಮೇಲೆ ಎಳನೀರೂ ಮುಗಿಯಿತು.

ಎಂಟನೆಯ ದಿನ ಹಡಗು ಬಂತು. ಆಚೆ ದಡದ ಪರಿಹಾರದವರ ಹಡಗು. ಅದರ ಹೊಟ್ಟೆಯಲ್ಲಿ ಸಿಹಿನೀರು, ಔಷಧಿ, ಅಕ್ಕಿ ಎಲ್ಲ ಇತ್ತಂತೆ. ಚಾವಡಿಯ ಹಿರಿಯರು ಒಂದಿಡೀ ಹಗಲು ಕೂತು ಮಾತಾಡಿ, ಕೊನೆಗೆ ಒಬ್ಬರಿಗೆ, ಒಂದು ದಿನದ ಮಟ್ಟಿಗೆ, ಪೇಟೆಯ ಬೀದಿಯಲ್ಲಿ ಮಾತ್ರ ತಿರುಗಲು ಅಪ್ಪಣೆ ಕೊಟ್ಟರು. ಹಳ್ಳ ದಾಟಿಸಬಾರದು. ಜೊತೆಗೆ ಹೋಗಲು ನನ್ನನ್ನು ಕರೆದರು. ಬಾವಿಯೊಳಗೆ ಒಬ್ಬನೇ ಇದ್ದು ರೂಢಿಯಾದವನು, ಹೆಚ್ಚು ಮಾತಾಡುವುದಿಲ್ಲ ಎಂದು ಅವರ ಲೆಕ್ಕಾಚಾರ. ಮಾತಿನ ಮೇಲೆ ಕಣ್ಣಿಡಲು ಬಾಗಿಲಿನ ರುಕ್ಮಯ್ಯನವರು ಇದ್ದೇ ಇದ್ದರು.

ರುಕ್ಮಯ್ಯನವರು ಬಂದರಿನ ಬಾಗಿಲು ಕಾಯುವವರು. ಬಂದವರ ಎದುರು ಊರಿನವರು ಏನೇನು ಮಾತಾಡಿದರು ಎಂದು ಸಂಜೆ ಚಾವಡಿಯಲ್ಲಿ ವರದಿ ಒಪ್ಪಿಸುವುದು ಅವರ ಕೆಲಸ. ದೊಡ್ಡ ನೀರು ಗೋಡೆಯನ್ನೆಲ್ಲ ಕೊಚ್ಚಿಕೊಂಡು ಹೋಗಿ, ಬಾಗಿಲಿನ ದಾರಂದ, ಬರೀ ಮರದ ಚೌಕಟ್ಟು, ಬಯಲಲ್ಲಿ ನಿಂತಿತ್ತು. ಆದರೂ ಅವರು ಮರುದಿನವೇ ಸ್ಟೂಲು ಹುಡುಕಿ ತಂದು ಅದರ ಪಕ್ಕ ಕೂತರು. ಜನರೂ ಸುತ್ತು ಬಳಸಿ ಹೋಗದೆ ಆ ದಾರಂದದೊಳಗಿಂದಲೇ ಹೋಗುತ್ತಿದ್ದರು. ಅವರಿಗೆ ಐವತ್ತೈದರ ವಯಸ್ಸು, ಬಿಗಿ ಮುಖ. ಹೆಂಡತಿಯೂ ಇಬ್ಬರು ತಂಗಿಯರೂ ಅವರ ಜೊತೆಗಿದ್ದರು. ದೊಡ್ಡ ನೀರು ಬಂದ ಬೆಳಗಿನ ನಂತರ ಆ ಮನೆಯಲ್ಲಿ ಒಲೆ ಹೊತ್ತಿದ್ದನ್ನು ಯಾರೂ ಕಾಣಲಿಲ್ಲ.

ಹಡಗಿನಿಂದ ಇಳಿದವರು ಒಬ್ಬ ಹೆಂಗಸು. ಹೆಸರು ಸೆವ್ರಿನ್ ಬಾಯಿ. ಗಿಡ್ಡ ಆಳು, ರಬ್ಬರ್ ಬೂಟು, ಹೆಗಲಿಗೆ ಬಟ್ಟೆಯ ಚೀಲ, ಒಂದು ಮಂಡಿ ಸರಿಯಾಗಿ ಮಡಚದು. ಭಾಷೆ ನಮ್ಮದೇ, ರಾಗ ಮಾತ್ರ ಬೇರೆ. ಕೈಯಲ್ಲಿ ಅಚ್ಚು ಹಾಕಿಸಿದ ಪ್ರಶ್ನೆಗಳ ಕಾಗದ.

ಮೊದಲು ಹೋದದ್ದು ದುಗ್ಗಮ್ಮನ ಮನೆಗೆ. ದುಗ್ಗಮ್ಮ ಎಪ್ಪತ್ತು ದಾಟಿದವಳು. ಮನೆಯ ಒಂದು ಗೋಡೆ ಬಿದ್ದು ಅಡುಗೆಮನೆ ಬೀದಿಗೇ ಕಾಣುತ್ತಿತ್ತು.

“ಕುಡಿಯುವ ನೀರು ಇದೆಯಾ ಅಮ್ಮ?”

“ಉಂಟು.”

“ಅಕ್ಕಿ?”

“ಉಂಟು.”

“ಜ್ವರ, ವಾಂತಿ ಭೇದಿಗೆ ಔಷಧಿ?”

“ಎಲ್ಲ ಉಂಟು. ಬನ್ನಿ, ಕೂತುಕೊಳ್ಳಿ” ಎಂದು ದುಗ್ಗಮ್ಮ ತನ್ನ ಒದ್ದೆ ಚಾಪೆ ಹಾಸಿದಳು.

ಎಲ್ಲ ಮನೆಯಲ್ಲೂ ಇದೇ. ಸೂರು ಹಾರಿಹೋದ ಮನೆಯವನೂ ಮಾಡು ಉಂಟು ಎಂದ, ಅದು ಎದುರು ಮನೆಯ ಅಂಗಳದಲ್ಲಿ ಬಿದ್ದದ್ದು ನಮಗೆಲ್ಲ ಕಾಣುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆರಡು ಮನೆ ಮುಗಿದು ಸೆವ್ರಿನ್ ಬಾಯಿಯ ಕಾಗದದ ತುಂಬ ‘ಉಂಟು’ ತುಂಬಿತು. ಅವರು ಶಾಲೆಯ ಮೆಟ್ಟಿಲ ಮೇಲೆ ಕೂತು ಮಂಡಿ ಉಜ್ಜಿಕೊಂಡರು.

“ತನಿಯಪ್ಪ, ನಾನು ಈ ಕಾಗದ ತೆಗೆದುಕೊಂಡು ಹೋದರೆ ಏನಾಗ್ತದೆ ಗೊತ್ತುಂಟಾ? ಸಂಜೆಗೇ ಹಡಗು ತೆಂಕಕ್ಕೆ ಹೊರಡ್ತದೆ. ಆ ಕಡೆ ಇನ್ನೂ ಆರು ಊರು ಸುನಾಮಿಯಲ್ಲಿ ಹೋಗಿದೆ, ಅಲ್ಲಿ ಜನ ಕಾಯ್ತಿದ್ದಾರೆ. ನನ್ನ ಕಣ್ಣಿಗೆ ಕಂಡದ್ದು ಸಾಲುವುದಿಲ್ಲ. ನೀವು ಹೇಳಿದ್ದನ್ನೇ ಬರೆಯಬೇಕು, ಅದು ನಮ್ಮ ಕಡೆಯ ನಿಯಮ. ನಿಮಗೆ ಏನೂ ಬೇಡ ಅಂತ ನೀವೇ ಹೇಳಿದ ಮೇಲೆ ನಾನು ಯಾವ ಬಾಯಲ್ಲಿ ನೀರು ಇಳಿಸಲಿ?”

ನಾನು ಬಾಯಿ ತೆರೆದೆ. ಹತ್ತು ಹೆಜ್ಜೆ ಹಿಂದೆ ಕೊಡೆ ಹಿಡಿದು ನಿಂತ ರುಕ್ಮಯ್ಯನವರು ಕೆಮ್ಮಿದರು. ನಾನು ಬಾಯಿ ಮುಚ್ಚಿದೆ. ಅಪ್ಪ ಕಲಿಸಿದ ಕೆಲಸ, ಅಮ್ಮನ ಸಮಾಧಿ, ಸಂಕಮ್ಮ, ಬಾಗಿ ಎಲ್ಲ ಇಲ್ಲೇ ಇರುವಾಗ ಊರು ಬಿಟ್ಟು ನಾನು ಹೋಗುವುದಾದರೂ ಎಲ್ಲಿಗೆ?

ಸೆವ್ರಿನ್ ಬಾಯಿ ತಮ್ಮ ಬಾಟಲಿ ಬಗ್ಗಿಸಿ ನೋಡಿದರು, ಖಾಲಿ. ಹಿಂದೆ ಬಂದು ದುಗ್ಗಮ್ಮನ ಅಂಗಳದಲ್ಲಿ ನಿಂತು ಒಂದು ಲೋಟ ನೀರು ಕೇಳಿದರು. ದುಗ್ಗಮ್ಮನ ಮುಖ ಬಿಳಿಚಿತು. ಒರತೆಯ ನೀರು ಅವಳ ಮನೆಯಲ್ಲಿ ಬೆಳಿಗ್ಗೆಯೇ ಮುಗಿದಿತ್ತು. ನೀರು ಕೇಳಿದವರಿಗೆ ಕೊಡದೆ ಇರುವುದು ಅವಳ ಜನ್ಮದಲ್ಲಿ ಸಾಧ್ಯವಿಲ್ಲ, ಬಿಟ್ಟರೆ ಆಡಬಾರದ ಮಾತು ಆಡಬೇಕು. ಅವಳು ಬಾವಿಯಿಂದ ಸೇದಿ, ಸೆರಗಿನಲ್ಲಿ ಸೋಸಿ, ಹಿತ್ತಾಳೆ ಲೋಟದಲ್ಲಿ ತಂದು ಎರಡೂ ಕೈಯಲ್ಲಿ ಕೊಟ್ಟಳು.

ಸೆವ್ರಿನ್ ಬಾಯಿ ಒಂದು ಗುಟುಕು ಕುಡಿದರು. ನಿಲ್ಲಿಸಿದರು. ದುಗ್ಗಮ್ಮನ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಕಣ್ಣು ಮುಚ್ಚಿ ಉಳಿದದ್ದನ್ನೆಲ್ಲ ಕುಡಿದು ಲೋಟ ಕೆಳಗಿಟ್ಟರು. ಆ ನೀರು ಹೇಗಿತ್ತೆಂದು ನನಗೆ ಗೊತ್ತು, ನಾಯಿ ಕೂಡ ಮೂಸಿ ಹೋಗುವಂಥದ್ದು. ಅವರು ಉಗುಳಬಹುದಿತ್ತು. ಮುದುಕಿಯ ಎದುರು ಉಗುಳಲಿಲ್ಲ. ಆ ಗಳಿಗೆಯಲ್ಲೇ ನನಗೆ ಅವರ ಮೇಲೆ ಮನಸ್ಸು ತುಂಬಿ ಬಂತು.

ಅವರು ಮೆತ್ತಗೆ ಕೇಳಿದರು: “ಅಮ್ಮಾ, ನಿಮ್ಮ ಬಾವಿಯಲ್ಲಿ ಏನೇನುಂಟು?”

ದುಗ್ಗಮ್ಮ ತಬ್ಬಿಬ್ಬಾದಳು. ಅಂಥ ಪ್ರಶ್ನೆಯನ್ನು ಯಾವ ಹಡಗಿನವರೂ ಕೇಳಿರಲಿಲ್ಲ. “ನೀರುಂಟು” ಎಂದಳು. ರುಕ್ಮಯ್ಯನವರ ಕಡೆ ಒಮ್ಮೆ ನೋಡಿದಳು. “ಉಪ್ಪುಂಟು. ಕೆಸರುಂಟು. ಸತ್ತ ಆಡು ಒಂದುಂಟು.” ಅಷ್ಟು ಹೇಳಿ ಸೆರಗು ಬಾಯಿಗೆ ಹಿಡಿದು ಅಳತೊಡಗಿದಳು. ಎಂಟು ದಿನದಲ್ಲಿ ಅವಳು ಅತ್ತದ್ದು ಅದೇ ಮೊದಲು.

ರುಕ್ಮಯ್ಯನವರಿಗೆ ತಪ್ಪು ಹಿಡಿಯುವಂಥದ್ದೇನೂ ಸಿಗಲಿಲ್ಲ. ಅವಳು ಹೇಳಿದ್ದೆಲ್ಲವೂ ‘ಉಂಟು’ ತಾನೇ.

ಸೆವ್ರಿನ್ ಬಾಯಿ ಹಳೆಯ ಕಾಗದ ಮಡಿಸಿ ಚೀಲಕ್ಕೆ ತುರುಕಿ ಖಾಲಿ ಹಾಳೆ ತೆಗೆದರು. ಮೊದಲ ಮನೆಯಿಂದ ಮತ್ತೆ ಶುರುಮಾಡಿದೆವು. ಸುದ್ದಿ ನಮಗಿಂತ ಮುಂಚೆ ಓಡಿತು. ಜನ ಬಾಗಿಲಿಗೆ ಬಂದು ಕಾದು ನಿಂತಿದ್ದರು.

“ಅಂಗಡಿಯಲ್ಲಿ ಏನುಂಟು?”

“ತಕ್ಕಡಿ ಉಂಟು, ಕಪಾಟು ಉಂಟು, ನಾನು ಉಂಟು” ಎಂದ ಅಂತುಮಾಮ. ಹೇಳಿ ತಾನೇ ನಕ್ಕ, ನಾವೂ ನಕ್ಕೆವು. ಎಂಟು ದಿನದ ಮೇಲೆ ನನ್ನ ಕಿವಿಗೆ ಬಿದ್ದ ಮೊದಲ ನಗು ಅದು.

ಮೀನಿನ ಬೀದಿಯ ಕೊನೆಯ ಮನೆಯಲ್ಲಿ ಒಬ್ಬಳು ಹೆಂಗಸು ಹೊಸ್ತಿಲಲ್ಲಿ ಕೂತಿದ್ದಳು. “ಮನೆಯಲ್ಲಿ ಯಾರ್ಯಾರುಂಟು ತಂಗಿ?” ಎಂದು ಕೇಳಿದರು. “ನಾನುಂಟು. ಕೊನೆಯವಳು ಉಂಟು, ಒಳಗೆ ಮಲಗಿದ್ದಾಳೆ, ಜ್ವರ ಉಂಟು.” “ಊಟದ ಬಟ್ಟಲು ಎಷ್ಟುಂಟು?” ಅವಳು ಒಳಗೆ ಹೋಗಿ ಎಣಿಸಿ ಬಂದಳು. “ಏಳು.” ಸೆವ್ರಿನ್ ಬಾಯಿ ಕನ್ನಡಕ ತೆಗೆದು ಒರೆಸಿಕೊಂಡು ಬರೆದುಕೊಂಡರು.

ನನ್ನ ಕೆಲಸದ ವಿಷಯವನ್ನೂ ಕೇಳಿದರು. ಹಿರಿಯರು ಬಾವಿಗಳನ್ನು ಬೇಗ ಬೇಗ ಬತ್ತಿಸಿ ತೊಳೆ ಎಂದಿದ್ದರು. ನಾನು ಹೇಳಿದೆ: “ಎರಡು ಸಲ ಬತ್ತಿಸಿದೆ ಬಾಯಮ್ಮ. ಮೊದಲಿಗಿಂತ ಎರಡನೆಯ ಸಲ ಉಪ್ಪು ಹೆಚ್ಚುಂಟು. ನಾಲಿಗೆಯಲ್ಲಿ ನೋಡಿದ್ದು.”

“ನಿಮ್ಮ ನಾಲಿಗೆ ಸರಿ” ಎಂದರು ಅವರು. “ಜೋರಾಗಿ ಎತ್ತಿದರೆ ಅಡಿಯಿಂದ ಕಡಲು ನುಗ್ಗುತ್ತದೆ. ಸ್ವಲ್ಪ ಸ್ವಲ್ಪ ತೆಗೆದು ಮಳೆ ಬರುವವರೆಗೆ ಬಾವಿಗೆ ಬಿಡುವು ಕೊಡಿ. ಅಲ್ಲಿವರೆಗಿನ ನೀರಿನ ಚಿಂತೆ ನನಗಿರಲಿ.”

ಅದನ್ನು ಕೇಳಿ ನನಗೆ ಎಷ್ಟೋ ಸಮಾಧಾನವಾಯಿತು. ಅಲ್ಲಿಯವರೆಗೆ ಬಾವಿಗಳು ಕೆಟ್ಟದ್ದು ನನ್ನ ಕೈಯಿಂದಲೇ ಎಂದು ನಾನು ಒಳಗೊಳಗೇ ಕುಗ್ಗಿದ್ದೆ.

ಹೊತ್ತು ಇಳಿಯುವಾಗ ಪೇಟೆಯ ಬೀದಿ ಮುಗಿದು ಹಳ್ಳದ ದಂಡೆಗೆ ಬಂದೆವು. ಹಳ್ಳ ದಾಟುವ ತೆಂಗಿನ ಕಾಂಡದ ಸಂಕ ಕೊಚ್ಚಿಹೋಗಿ ಎರಡು ಗೂಟ ಮಾತ್ರ ನಿಂತಿತ್ತು. ಆಚೆ ಮರಗಳು, ಮರಗಳ ನಡುವೆ ಸಣ್ಣ ಹೊಗೆ.

“ಆಚೆ ಏನುಂಟು?” ಎಂದು ಸೆವ್ರಿನ್ ಬಾಯಿ ಕೇಳಿದರು.

“ಕಡಲುಂಟು” ಎಂದರು ರುಕ್ಮಯ್ಯನವರು. ಅದು ಸುಳ್ಳಲ್ಲ. ಕುದ್ರು ದಾಟಿದರೆ ಕಡಲೇ. “ಹೊತ್ತಾಯಿತು. ಹಿಂದೆ ಹೋಗುವ.”

ಸೆವ್ರಿನ್ ಬಾಯಿ ಹೊಗೆಯನ್ನೇ ನೋಡುತ್ತಿದ್ದರು. ನಂತರ ಕಾಗದ ಮಡಿಸತೊಡಗಿದರು. ಅವರು ಅದನ್ನು ಎರಡು ಮಡಿಕೆ ಮಾಡಿ ಮೂರನೆಯದಕ್ಕೆ ಕೈ ಹಾಕುವಾಗ ನಾನು ಹೇಳಿದೆ: “ಕುದ್ರು ಉಂಟು ಬಾಯಮ್ಮ.”

“ತನಿಯಪ್ಪಾ” ಎಂದರು ರುಕ್ಮಯ್ಯನವರು.

“ಮೂವತ್ತೆಂಟು ಮನೆಗಳದ್ದು. ಈಗ ಹತ್ತೊಂಬತ್ತುಂಟು. ನನ್ನ ಮಗಳು ಉಂಟು. ಮೊಮ್ಮಗಳು ಉಂಟು, ಮೂರು ತಿಂಗಳು.”

“ಅವರ ಬಾವಿಯಲ್ಲಿ ಏನುಂಟು?”

ಈ ಪ್ರಶ್ನೆಗೆ ಮಧ್ಯಾಹ್ನದಿಂದ ಊರಿಡೀ ಉತ್ತರ ಕೊಟ್ಟಿತ್ತು. ನಾನು ಉತ್ತರ ಹುಡುಕಿದೆ. ಕುದ್ರುವಿನ ಬಾವಿ ನನ್ನ ಕೈಯಾರೆ ಕಟ್ಟಿದ್ದು, ಬಾಗಿಯ ಮದುವೆಯ ವರ್ಷ. ದೊಡ್ಡ ನೀರು ಅದರ ಕಲ್ಲುಗಳನ್ನೆಲ್ಲ ಕಿತ್ತು ಮರಳು ಮುಚ್ಚಿ ಹೋಗಿತ್ತು. ಅದು ಎಲ್ಲಿತ್ತೆಂದು ಹುಡುಕಲು ನನಗೇ ಆಗಿರಲಿಲ್ಲ. ಬಾವಿಯಾದರೂ ಇದ್ದರೆ ಅದರಲ್ಲಿ ಉಪ್ಪುಂಟು ಎನ್ನಬಹುದು, ಮರಳುಂಟು ಎನ್ನಬಹುದು. ಹಿಂದಿನ ದಿನ ಬಾಗಿ ಕೂಸನ್ನು ಎದೆಗೆ ಹಚ್ಚಿದಾಗ ಅದು ಚೀಪಿ ಚೀಪಿ ಬಿಟ್ಟು ದನಿ ಬಾರದ ಹಾಗೆ ಅತ್ತದ್ದು ಕಣ್ಣೆದುರು ಬಂತು.

“ಬಾವಿಯೇ ಇಲ್ಲ” ಎಂದೆ. “ಬಾವಿ ಇಲ್ಲ, ನೀರಿಲ್ಲ. ನನ್ನ ಮಗಳ ಎದೆಯಲ್ಲಿ ಹಾಲಿಲ್ಲ.”

ನಾನು ರುಕ್ಮಯ್ಯನವರ ಕಡೆ ತಿರುಗಿದೆ. ಅವರು ಕೊಡೆಯ ಹಿಡಿಯನ್ನು ಬಿಗಿಯಾಗಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ಕೋಪವಿದೆಯೇನೋ ಎಂದುಕೊಂಡೆ. ಅವರ ಗಲ್ಲ ನಡುಗುತ್ತಿತ್ತು.

“ನನಗೆ” ಎಂದರು ಅವರು ಗಟ್ಟಿಯಾಗಿ, “ಏನೂ ಕೇಳಿಸಲಿಲ್ಲ.”

ಹೇಳಿದ ಮೇಲೆ ಅವರಿಗೇ ತಿಳಿಯಿತು. ಹೊರಗಿನವರ ಎದುರು, ಬಾಗಿಲು ಕಾಯುವವರೇ, ಇಡೀ ಊರಿಗೆ ಕೇಳುವಷ್ಟು ಜೋರಾಗಿ ಆ ‘ಇಲ್ಲ’ ಎಂಬ ಮಾತು ಆಡಿದ್ದರು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತೆವು. ಸೆವ್ರಿನ್ ಬಾಯಿಗೆ ನಮ್ಮ ನಿಯಮ ಎಷ್ಟು ಗೊತ್ತಿತ್ತೋ, ಅವರು ಪಟ್ಟನೆ ಕೂತು ಬೂಟು ಬಿಚ್ಚಿ ಅದರೊಳಗಿನ ಮರಳನ್ನು ನಿಧಾನವಾಗಿ ಸುರಿಯತೊಡಗಿದರು. ನಮ್ಮ ಮುಖ ನೋಡಬಾರದೆಂದೇ ಹಾಗೆ ಮಾಡಿದ್ದು.

“ದೋಣಿ ಉಂಟಲ್ಲ ನಿನ್ನದು?” ಎಂದರು ರುಕ್ಮಯ್ಯನವರು ಕೊನೆಗೆ.

“ಉಂಟು.”

“ಮತ್ತೆ ಎಂತ ನೋಡ್ತೀಯ? ತೆಗಿ.”

ಮೂವರೂ ದಾಟಿದೆವು. ಬಾಗಿ ಮರದ ಬುಡದಲ್ಲಿ ಕೂಸನ್ನು ಮಡಿಲಲ್ಲಿಟ್ಟು ಕೂತಿದ್ದಳು. ಸೆವ್ರಿನ್ ಬಾಯಿ ಕೂಸಿನ ನೆತ್ತಿ ಮುಟ್ಟಿ ನೋಡಿ, ಹೊಟ್ಟೆಯ ಚರ್ಮ ಚಿವುಟಿ ನೋಡಿ, ಇನ್ನೇನೂ ಬರೆದುಕೊಳ್ಳದೆ ಚೀಲದಿಂದ ಕೈರೇಡಿಯೋ ತೆಗೆದು ಹಡಗಿನವರೊಡನೆ ಮಾತಾಡಿದರು. ಸೂರ್ಯ ಮುಳುಗುವ ಮುಂಚೆ ಹಡಗಿನ ಸಣ್ಣ ದೋಣಿ ಕುದ್ರುವಿಗೆ ಬಂತು, ನೀರಿನ ಡ್ರಮ್ಮುಗಳು, ಒಬ್ಬಳು ನರ್ಸು, ಪುಡಿ ಬೆರೆಸಿದ ನೀರಿನ ಸಣ್ಣ ಬಾಟಲಿ. ನರ್ಸು ಚಮಚದಲ್ಲಿ ಹನಿ ಹನಿಯಾಗಿ ಕೂಸಿನ ಬಾಯಿಗೆ ಬಿಟ್ಟಳು. ಬಾಗಿ ಒಂದು ಚೊಂಬು ನೀರು ಕುಡಿದು, ಇನ್ನೊಂದು ಕುಡಿದು, ಮೂರನೆಯದನ್ನು ಹಿಡಿದುಕೊಂಡು ಸುಮ್ಮನೆ ಅದರೊಳಗೆ ನೋಡುತ್ತ ಕೂತಳು. ಕೂಸು ಉಳಿಯಿತು. ಅವಳಿಗೀಗ ಮದುವೆಯ ವಯಸ್ಸು.

ಅದೇ ಸಂಜೆ ಚಾವಡಿಯಲ್ಲಿ ರುಕ್ಮಯ್ಯನವರು ವರದಿ ಒಪ್ಪಿಸಿದರು. ನಾನು ಜಗಲಿಯ ಕೆಳಗೆ ನಿಂತಿದ್ದೆ. “ಹಳ್ಳ ದಾಟಿಸಿದ್ದು ನಾನು” ಎಂದರು. “ಆ ಮಾತನ್ನೂ ಆಡಿದ್ದುಂಟು. ಆಡಿದವನೂ ನಾನೇ.” ಹಿರಿಯರಲ್ಲಿ ದೊಡ್ಡವಳಾದ ಪೊನ್ನಕ್ಕ ತಲೆ ತಗ್ಗಿಸಿದಳು. “ಹಡಗು ಹೊರಡುವ ದಿನ” ಎಂದಳು. ಅಷ್ಟೇ. ಅವಳ ದನಿ ಒಡೆದಿತ್ತು.

ನಾನು ರುಕ್ಮಯ್ಯನವರ ಮನೆಗೆ ಓಡಿದೆ. ಅವರು ಎರಡು ಅಂಗಿ ಮಡಿಸುತ್ತಿದ್ದರು.

“ಮೊದಲು ಆಡಿದವನು ನಾನು. ಈಗಲೇ ಹೋಗಿ ಪೊನ್ನಕ್ಕನಿಗೆ ಹೇಳ್ತೇನೆ” ಎಂದೆ.

“ಕೂತ್ಕೋ” ಎಂದರು. “ನೀನು ಹೇಳಿದ್ದು ನನಗೆ ಕೇಳಿಸಲಿಲ್ಲ ಅಂತ ಆಗಲೇ ಹೇಳಿ ಆಗಿದೆ. ಈಗ ಹೋಗಿ ನನ್ನನ್ನು ಸುಳ್ಳುಗಾರ ಮಾಡ್ತೀಯಾ?”

“ಅದಲ್ಲ ರುಕ್ಮಯ್ಯನವರೇ, ನಿಮಗೆ...”

“ತನಿಯಪ್ಪ, ಊರಿನಲ್ಲಿ ನೂರಾರು ಬಾವಿ ಉಂಟು. ಇಳಿಯುವವನು ನೀನೊಬ್ಬ. ನಾನು ಕಾಯುವುದು ಬಾಗಿಲು. ಅದಕ್ಕೆ ಗೋಡೆಯೇ ಇಲ್ಲ, ನೋಡಿದ್ದೀಯಲ್ಲ?” ಅವರು ಮೂರನೆಯ ಅಂಗಿ ತೆಗೆದು, ನೋಡಿ, ಹಿಂದಕ್ಕಿಟ್ಟರು. “ಮತ್ತೆ ಈ ಮನೆಯಲ್ಲಿ ನಾನು ಯಾರಿಗಾಗಿ ಕೂರಬೇಕು? ನಿನ್ನ ಮಗಳ ಹತ್ತಿರ ಅಪ್ಪ ಇರಲಿ.”

ಅವರ ಕಾಲಿಗೆ ಬೀಳಲು ಬಗ್ಗಿದೆ. “ಎಂತ ಮಾರಾಯ ನೀನು” ಎಂದು ಹೆಗಲು ಹಿಡಿದು ಎಬ್ಬಿಸಿದರು. ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಹಡಗು ಹನ್ನೊಂದು ದಿನ ನಿಂತಿತು, ಒಂದು ದಿನದ ಅಪ್ಪಣೆಯ ಮಾತನ್ನು ಚಾವಡಿಯವರು ಮತ್ತೆ ಎತ್ತಲಿಲ್ಲ. ತೆಂಕಣದ ಆರು ಊರಿಗೆ ಬೇರೆ ಹಡಗು ಕರೆಸಿದರಂತೆ. ಆ ಹನ್ನೊಂದು ದಿನವೂ ರುಕ್ಮಯ್ಯನವರೇ ನೀರಿನ ಸಾಲು ನೋಡಿಕೊಂಡರು. ಯಾರ ಮನೆಯಲ್ಲಿ ಎಷ್ಟು ಬಾಯಿ, ಯಾರಿಗೆ ಹೊರಲಾಗದು, ಎಲ್ಲವೂ ಅವರ ತಲೆಯಲ್ಲಿತ್ತು. ಬಿಗಿ ಮುಖದ ಆ ಮನುಷ್ಯ ಕೊಡ ಹೊತ್ತು ದುಗ್ಗಮ್ಮನ ಮನೆಗೆ ಹೋಗುವುದನ್ನು ನಾನೇ ಕಂಡೆ. ಸೆವ್ರಿನ್ ಬಾಯಿ ಹಡಗಿನಲ್ಲಿದ್ದ ತಮ್ಮ ಕೋಣೆಯ ಪಕ್ಕ ರುಕ್ಮಯ್ಯನವರಿಗೊಂದು ಹಾಸಿಗೆ ಹಾಕಿಸಿದರು. ಆಚೆ ದಡದಲ್ಲಿ ತಮ್ಮ ತಂಡದಲ್ಲೇ ಕೆಲಸವಿದೆ, ಮನೆ ಮನೆಗೆ ಹೋಗಿ ಕೇಳುವುದಕ್ಕೆ ಇಂಥವರು ಸಿಗುವುದಿಲ್ಲ ಎಂದರು.

ಹೊರಡುವ ಬೆಳಿಗ್ಗೆ ಊರೆಲ್ಲ ದಡಕ್ಕೆ ಬಂತು. ಸಂಕಮ್ಮ ಒಂದು ಪೊಟ್ಟಣದಲ್ಲಿ ಹುರಿಟ್ಟು ಕಟ್ಟಿ ಕೊಟ್ಟಳು. ಬಾಗಿ ಕೂಸನ್ನು ರುಕ್ಮಯ್ಯನವರ ಕೈಗಿಟ್ಟಳು. ಅವರು ಅದನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ತೋಳು ಬಿಗಿ ಮಾಡಿಕೊಂಡು ನಿಂತರು. ಪೊನ್ನಕ್ಕ ಬಂದು ಅವರ ತಲೆ ಮುಟ್ಟಿ ಹೋದಳು.

ಅವರನ್ನು ಹಡಗಿಗೆ ಬಿಡಲು ದೋಣಿ ಹಾಕಿದವನು ನಾನು. ಇಡೀ ಆಯುಷ್ಯ ಬಂದರಿನಲ್ಲಿ ಕೂತಿದ್ದರೂ ಆ ಹಳ್ಳ ದಾಟಿದ್ದನ್ನು ಬಿಟ್ಟರೆ ಅವರು ದೋಣಿ ಹತ್ತಿದವರಲ್ಲ. ಎರಡು ಅಲೆ ಕಳೆಯುವುದರೊಳಗೆ ಮುಖ ಹಸಿರಾಯಿತು. “ಇದು ಯಾವಾಗಲೂ ಹೀಗೆಯಾ?” ಎಂದು ಕೇಳಿದರು. “ದೂರ ನೋಡಿ, ಹತ್ತಿರದ ನೀರು ನೋಡಬೇಡಿ” ಎಂದೆ. ಅವರು ದೂರ ನೋಡಿದರು. ನಾನು ಏನೇನೋ ಹೇಳಬೇಕೆಂದಿದ್ದೆ, ಹನ್ನೊಂದು ದಿನ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದೆ. ಹುಟ್ಟು ಹಾಕುತ್ತಲೇ ಇದ್ದೆ.

ಹಡಗಿನವರು ಹಗ್ಗದ ಏಣಿ ಇಳಿಬಿಟ್ಟರು. ಅದು ಗಾಳಿಗೆ ಆಚೆ ಈಚೆ ತೂಗುತ್ತಿತ್ತು. ರುಕ್ಮಯ್ಯನವರು ಅದನ್ನು ನೋಡಿ ಹೆದರಿದರು. ಹಗ್ಗ ಮಾತ್ರ ನನಗೆ ಗೊತ್ತಿದ್ದ ವಿಷಯ. “ಚಪ್ಪಲಿ ಬಿಚ್ಚಿ” ಎಂದೆ. “ಅಂಗಾಲಿನ ನಡುವಿಗೆ ಹಗ್ಗ ಬರಲಿ. ಒಂದು ಕೈ ಬಿಡುವಾಗ ಇನ್ನೊಂದು ಕೈ ಗಟ್ಟಿ. ಅವಸರ ಬೇಡ, ನಾನು ಕೆಳಗುಂಟು.” ಅವರು ಚಪ್ಪಲಿ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಸಲ ನನ್ನ ತಲೆಯ ಮೇಲೆ ಕೈಯಿಟ್ಟು, ಏರತೊಡಗಿದರು. ನಾನು ದೋಣಿಯಲ್ಲಿ ಕಾಲು ಅಗಲಿಸಿ ನಿಂತು ಏಣಿಯ ಬುಡವನ್ನು ಎರಡೂ ಕೈಯಲ್ಲಿ ಹಿಡಿದು, ಮೈಯ ಭಾರವೆಲ್ಲ ಹಾಕಿ ಕೆಳಕ್ಕೆ ಜಗ್ಗಿದೆ. ಏಣಿ ನೆಟ್ಟಗಾಯಿತು. ಒಂದೊಂದು ಮೆಟ್ಟಿಲಿಗೂ ಅವರ ಭಾರ ನನ್ನ ಅಂಗೈಗೆ ಗೊತ್ತಾಗುತ್ತಿತ್ತು, ಮೊದಲು ಹೆಚ್ಚು, ಆಮೇಲೆ ಕಡಿಮೆ. ಸೆವ್ರಿನ್ ಬಾಯಿ ಮೇಲಿನಿಂದ ಕೈ ಚಾಚಿ ಅವರನ್ನು ಎಳೆದುಕೊಂಡರು. ಹಗ್ಗ ಹಗುರವಾಯಿತು. ಆದರೂ ನಾನು ತುಸು ಹೊತ್ತು ಅದನ್ನು ಬಿಡದೆ ಹಿಡಿದುಕೊಂಡೇ ನಿಂತಿದ್ದೆ.